ಬಾದಾಮಿಗೆ ಬಂದರೆ ಕೆರೆಯ ಆಚೆ ದಂಡೆಗೂ ಬನ್ನಿ

ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಾದಾಮಿಯ ಬಗ್ಗೆಯೇ ಇವೆ. ರಜೆ ಹತ್ತಿರ ಬಂತಲ್ಲ, ಅದಕ್ಕೇ ಇರಬೇಕು. ಓದಿ ತುಂಬಾ ಖುಷಿಯಾಯಿತು. ನಾನು ಇದೇ ಊರಲ್ಲಿ ಹುಟ್ಟಿದವಳು, ಜಂಬುಲಿಂಗನ ಗುಡಿ ಹತ್ತಿರದ ಓಣಿಯಲ್ಲಿ ಬೆಳೆದವಳು. 31 ವರ್ಷ ಮಕ್ಕಳಿಗೆ ಕನ್ನಡ ಕಲಿಸಿದೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ನಿವೃತ್ತಿಯಾದ ಮೇಲೂ ಆ ಹೆಸರು ಉಳಿದಿದೆ. ಹಾಗಾಗಿ ಈ ಸಂಚಿಕೆ ಪೂರ್ತಿ ನಮ್ಮೂರಿಗೇ ಬಿಟ್ಟುಕೊಡಿ ಎಂದು ಸಂಪಾದಕರನ್ನು ಕೇಳಿಕೊಂಡೆ. ಅವರು ಒಪ್ಪಿದರು.

ಪ್ರಶ್ನೆ: ಒಂದೇ ದಿನದಲ್ಲಿ ಬೆಳಿಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ ಮುಗಿಸಬಹುದಾ? ನಾವು ಆರು ಜನ, ಕಾರು ಇದೆ. (ಬೆಂಗಳೂರಿನ ಓದುಗರು)

ಉತ್ತರ: ಕಾರಿಗೆ ಆಗುತ್ತದೆ. ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರ್. ಅಲ್ಲಿಂದ ಐಹೊಳೆ ಇನ್ನೂ ಹತ್ತಿರ. ಆದರೆ ನಿಮಗೆ ಆಗುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ನಾನು ದಿನಾ ನೋಡುವುದನ್ನು ಹೇಳುತ್ತೇನೆ. ಟೆಂಪೋ ಬಂದು ಗುಹೆಗಳ ಕೆಳಗೆ ನಿಲ್ಲುತ್ತದೆ. ಜನ ಇಳಿಯುತ್ತಾರೆ, ಮೆಟ್ಟಿಲು ಹತ್ತುತ್ತಾರೆ, ನಾಲ್ಕು ಗುಹೆ ನೋಡುತ್ತಾರೆ. ನಾಲ್ಕನೆಯ ಗುಹೆಯ ಮುಂದೆ ನಿಂತರೆ ಕೆಳಗೆ ನಮ್ಮೂರ ಕೆರೆ, ಅಗಸ್ತ್ಯ ತೀರ್ಥ, ಇಡಿಯಾಗಿ ಕಾಣುತ್ತದೆ. ಆಚೆ ತುದಿಯಲ್ಲಿ ನೀರಿಗೆ ಹೊಂದಿಕೊಂಡ ಹಾಗೆ ಭೂತನಾಥನ ಗುಡಿ. ಎಲ್ಲರೂ 'ಅಯ್ಯೋ ಎಷ್ಟು ಚೆಂದ ಇದೆ' ಅನ್ನುತ್ತಾರೆ. ಫೋಟೋ ತೆಗೆಯುತ್ತಾರೆ. ಇಳಿದು ಟೆಂಪೋ ಹತ್ತಿ ಪಟ್ಟದಕಲ್ಲಿಗೆ ಹೊರಟುಬಿಡುತ್ತಾರೆ. ಚೆಂದ ಇದೆ ಅಂದ ಜಾಗಕ್ಕೆ ಹೋಗುವುದೇ ಇಲ್ಲ! ಕೆರೆ ದಂಡೆ ಹಿಡಿದು ಆರಾಮಾಗಿ ನಡೆದರೂ ಹೆಚ್ಚು ಹೊತ್ತಿನ ದಾರಿಯಲ್ಲ ಅದು. ಪ್ರತಿ ಸಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಎರಡು ದಿನ ಇಟ್ಟುಕೊಳ್ಳಿ. ಒಂದು ರಾತ್ರಿ ಬಾದಾಮಿಯಲ್ಲೇ ಉಳಿಯಿರಿ. ಮೊದಲ ದಿನ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಗುಹೆಗಳಿಗೆ ಹೋಗಿ. ಶಾಲಾ ಪ್ರವಾಸದ ಬಸ್ಸುಗಳು ಬರುವ ಮೊದಲು ಅಲ್ಲಿ ಗಿಳಿ, ಪಾರಿವಾಳಗಳ ಸದ್ದು ಬಿಟ್ಟು ಬೇರೇನೂ ಇರುವುದಿಲ್ಲ. ಆಮೇಲೆ ಊರೊಳಗಿನ ಜಂಬುಲಿಂಗ. ಊಟ, ನಿದ್ದೆ. ಬಿಸಿಲು ಇಳಿದ ಮೇಲೆ ಮ್ಯೂಸಿಯಂ, ಅದರ ಪಕ್ಕದ ಬಂಡೆ ಸಂದಿಯಲ್ಲಿ ಹತ್ತುವ ದಾರಿಯಿಂದ ಕೆಳಗಿನ ಶಿವಾಲಯ, ಮೇಲಿನ ಶಿವಾಲಯ. ಕೊನೆಗೆ ಭೂತನಾಥ. ಸಂಜೆ ಬಿಸಿಲು ಬಂಡೆಗೆ ಬಿದ್ದಾಗ ಆ ಕೆಂಪು ಇನ್ನೂ ಕೆಂಪಾಗುತ್ತದೆ. ಗುಡಿಯ ಕಟ್ಟೆ ಮೇಲೆ ಸುಮ್ನೆ ಕೂತುಬಿಡಿ. ಎರಡನೆಯ ದಿನ ಪಟ್ಟದಕಲ್ಲು, ಐಹೊಳೆ. ಸಮಯ ಸಿಕ್ಕರೆ ಹೋಗುವ ದಾರಿಯಲ್ಲೇ ಮಹಾಕೂಟದ ಗುಡಿಗಳು. ಸಮಯ ಸಿಗದಿದ್ದರೆ ಐಹೊಳೆಯನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ಅಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಓಡುತ್ತಾ ನೋಡುವ ಊರಲ್ಲ.

ಇನ್ನೊಂದು ಮಾತು. ಮ್ಯೂಸಿಯಂಗೆ ಶುಕ್ರವಾರ ರಜೆ. ಎಷ್ಟೋ ಜನ ಅದೇ ದಿನ ಬಂದು ಬಾಗಿಲು ನೋಡಿ ವಾಪಸ್ ಹೋಗುತ್ತಾರೆ.

ಪ್ರಶ್ನೆ: ನನಗೆ ಶಿಲ್ಪ ಅರ್ಥವಾಗುವುದಿಲ್ಲ. ಎಲ್ಲ ಒಂದೇ ಥರ ಕಾಣುತ್ತದೆ. ಗುಹೆಗಳಲ್ಲಿ ಏನನ್ನು ನೋಡಬೇಕು? (ಹಾಸನದ ಓದುಗರು)

ಉತ್ತರ: ಬೇಲೂರು, ಹಳೇಬೀಡು ಪಕ್ಕದಲ್ಲೇ ಇರುವ ನಿಮಗೆ ಕಣ್ಣು ಪಳಗಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಆದರೆ ಅಲ್ಲಿಯದು ಬೇರೆ, ಇಲ್ಲಿಯದು ಬೇರೆ. ಅಲ್ಲಿ ಕಲ್ಲು ಬಳಪದಂಥದ್ದು. ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಬಹುದು. ಇಲ್ಲಿಯದು ಮರಳುಗಲ್ಲು. ಬಂಡೆಯನ್ನೇ ಒಳಗೆ ಕೊರೆದು ಮನೆ ಮಾಡಿದ್ದಾರೆ. ಇಲ್ಲಿ ಒಡವೆ ಹುಡುಕಬೇಡಿ. ಮೈಯ ತಿರುವು ನೋಡಿ, ನಿಂತ ನಿಲುವು ನೋಡಿ.

ಮೊದಲನೆಯ ಗುಹೆಯ ಬಲಗಡೆ 18 ಕೈಯ ನಟರಾಜ ಇದ್ದಾನೆ. ಎಲ್ಲರೂ ಕೈ ಎಣಿಸುತ್ತಾರೆ. ಎಣಿಸಿ, ತಪ್ಪಿಲ್ಲ. ಆಮೇಲೆ ಅವನ ಪಕ್ಕದಲ್ಲಿ ಪುಟ್ಟ ಗಣಪನನ್ನೂ, ವಾದ್ಯ ನುಡಿಸುತ್ತಾ ಕೂತವನನ್ನೂ ನೋಡಿ. ತಂದೆ ಕುಣಿಯುತ್ತಿದ್ದಾನೆ, ಮಗನೂ ಪಕ್ಕದಲ್ಲೇ ಇದ್ದಾನೆ, ತಾಳ ಹಾಕಲು ಒಬ್ಬನಿದ್ದಾನೆ. ಮನೆಯ ಸಂಭ್ರಮದ ಹಾಗಿದೆ ಅಲ್ವಾ?

ಈಗ ಅದೇ ಗುಹೆಯ ಎಡಗಡೆಗೆ ಬನ್ನಿ. ತ್ರಿಶೂಲ ಹಿಡಿದ ದ್ವಾರಪಾಲಕ ನಿಂತಿದ್ದಾನೆ. ಅವನನ್ನು ಬಿಡಿ, ಅವನ ಕಾಲ ಕೆಳಗೆ ನೋಡಿ. ಅಲ್ಲೊಂದು ಪ್ರಾಣಿ ಇದೆ. ತಲೆ ಒಂದೇ, ಮೈ ಎರಡು. ಒಂದು ಕಡೆಯ ಮೈಯನ್ನು ಅಂಗೈಯಿಂದ ಮರೆ ಮಾಡಿಕೊಂಡು ನೋಡಿ, ಆನೆ. ಇನ್ನೊಂದು ಕಡೆ ಮರೆ ಮಾಡಿ, ಎತ್ತು. ಆನೆಯ ಸೊಂಡಿಲು ಯಾವುದೋ ಅದೇ ಎತ್ತಿನ ಬೆನ್ನಿನ ಗೆರೆಗೆ ಕೂಡುತ್ತದೆ. ಕಲ್ಲಿಗೆ ಕೈ ತಾಗಿಸಬೇಡಿ, ದೂರದಿಂದ ಕಣ್ಣ ಮುಂದೆ ಕೈ ಹಿಡಿದರೆ ಸಾಕು. ನನ್ನ ತರಗತಿಯ ಮಕ್ಕಳನ್ನು ಪ್ರತಿ ವರ್ಷ ಇಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದೆ. 'ಆನೀ ರೀ ಅಕ್ಕೋರ!' 'ಇಲ್ರೀ, ಎತ್ತ ಐತ್ರೀ!' ಅಂತ ಜಗಳ ಶುರುವಾಗುತ್ತಿತ್ತು. ಆ ಶಿಲ್ಪಿಗೂ ಬೇಕಾಗಿದ್ದು ಅದೇ ಇರಬೇಕು.

ಎರಡನೆಯ ಗುಹೆಯಲ್ಲಿ ತ್ರಿವಿಕ್ರಮ, ವರಾಹ ಇದ್ದಾರೆ. ಅವರೇ ಮೂರನೆಯ ಗುಹೆಯಲ್ಲಿ ಇನ್ನೂ ದೊಡ್ಡದಾಗಿ ಸಿಗುತ್ತಾರೆ. ಹಾಗಾಗಿ ನಿಮ್ಮ ಶಕ್ತಿಯನ್ನೆಲ್ಲ ಮೂರನೆಯದಕ್ಕೆ ಉಳಿಸಿಕೊಳ್ಳಿ. ಆದಿಶೇಷನ ಮೇಲೆ ವಿಷ್ಣು ಮಲಗಿರುವುದನ್ನು ಎಲ್ಲ ಕಡೆ ನೋಡಿದ್ದೀರಿ. ಇಲ್ಲಿ ಕೂತಿದ್ದಾನೆ. ಹಾವಿನ ಸುರುಳಿ ಸಿಂಹಾಸನ, ಹೆಡೆ ಕೊಡೆ. ಕತ್ತೆತ್ತಿ ಕಂಬಗಳ ಮೇಲ್ತುದಿಯ ಗಂಡ ಹೆಂಡಿರ ಜೋಡಿಗಳನ್ನು ನೋಡಿ. ಸೂರಿನ ಒಳಮೈಯಲ್ಲಿ ಹಳೆಯ ಬಣ್ಣದ ಚಿತ್ರಗಳ ಗುರುತು ಇನ್ನೂ ಉಳಿದಿದೆ. ತುಂಬಾ ಮಾಸಿದೆ, ಕಣ್ಣು ಹೊಂದಿಕೊಳ್ಳಲು ಒಂದು ನಿಮಿಷ ಬೇಕು. ಗುಹೆಗಳ ಬುಡದಲ್ಲಿ ಸಾಲಾಗಿ ಕುಣಿಯುವ ಕುಳ್ಳ ಗಣಗಳು ಮಕ್ಕಳ ಕಣ್ಣಿನ ಎತ್ತರಕ್ಕೇ ಇವೆ. ಮಕ್ಕಳು ಅವನ್ನೇ ಮೊದಲು ನೋಡುತ್ತಾರೆ, ನಾವು ಕೊನೆಗೆ.

ನಾಲ್ಕನೆಯದು ಜೈನರ ಗುಹೆ. ಬಳ್ಳಿ ಹಬ್ಬಿದ ಬಾಹುಬಲಿ ಇಲ್ಲಿದ್ದಾನೆ. ಶ್ರವಣಬೆಳಗೊಳದ ಗೊಮ್ಮಟನಿಗಿಂತ ಎಷ್ಟೋ ಕಾಲ ಮೊದಲಿನವನು, ಹಾಸನದವರಾದ ನಿಮಗೆ ಇಬ್ಬರನ್ನೂ ಹೋಲಿಸಿ ನೋಡುವ ಅವಕಾಶ ಇದೆ.

ಪ್ರಶ್ನೆ: ತಂದೆಗೆ 74 ವರ್ಷ, ಮೊಣಕಾಲು ನೋವು. ಮೆಟ್ಟಿಲು ಹತ್ತಲಾರರು. ಅವರನ್ನು ಕರೆತರುವುದು ಬೇಡವೇ? (ದಾವಣಗೆರೆಯ ಓದುಗರು)

ಉತ್ತರ: ಖಂಡಿತ ಕರೆತನ್ನಿ. ಗುಹೆಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಕೆಳಗಿದೆ. ನಿಧಾನವಾಗಿ, ಕೂತು ಎದ್ದು ಅಷ್ಟು ಹತ್ತಿದರೆ ನಟರಾಜನ ದರ್ಶನವಾಗುತ್ತದೆ. ಅದೂ ಬೇಡ ಅಂದರೆ ಬಿಡಿ. ಜಂಬುಲಿಂಗಕ್ಕೆ ಮೆಟ್ಟಿಲಿನ ತೊಂದರೆ ಇಲ್ಲ. ಪಟ್ಟದಕಲ್ಲಂತೂ ಸಮತಟ್ಟು, ಹುಲ್ಲುಹಾಸಿನ ನಡುವೆ ಗುಡಿಗಳು. ಬನಶಂಕರಿಯೂ ಹಾಗೇ.

ಜಂಬುಲಿಂಗದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಮನೆಗಳ ನಡುವೆ ಇರುವುದರಿಂದ ಯಾರೂ ಹುಡುಕಿಕೊಂಡು ಬರುವುದಿಲ್ಲ. 699ರಲ್ಲಿ ರಾಜ ವಿಜಯಾದಿತ್ಯನ ತಾಯಿ ವಿನಯವತಿ ಕಟ್ಟಿಸಿದ್ದು. ಇಸವಿ ನಮ್ಮ ಊಹೆಯಲ್ಲ, ಅಲ್ಲೇ ಕಲ್ಲಿನಲ್ಲಿ ಶಕ 621 ಎಂದು ಬರೆದಿದೆ. ಶಕ ವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿ. ಒಂದೇ ಮಂಟಪಕ್ಕೆ ಮೂರು ಗರ್ಭಗುಡಿ. ಬ್ರಹ್ಮ, ವಿಷ್ಣು, ಶಿವ ಮೂವರಿಗೂ ಒಂದೊಂದು. ನಾನು ಚಿಕ್ಕವಳಿದ್ದಾಗ ಅದರ ಸುತ್ತಲೇ ಕುಂಟೆಬಿಲ್ಲೆ ಆಡುತ್ತಿದ್ದೆವು. ಅವ್ವ ಊಟಕ್ಕೆ ಕೂಗಿದರೆ ಕೇಳುವಷ್ಟು ಹತ್ತಿರ. ಒಬ್ಬ ತಾಯಿ ಕಟ್ಟಿಸಿದ ಗುಡಿ ಅದು ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ. ಅವತ್ತು ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಹೋಗಿ ಬಾಗಿಲಲ್ಲಿ ನಿಂತು ಗುಡಿಯ ಕಡೆ ನೋಡಿದಳು. ದಿನಾ ನೋಡುವ ಗುಡಿಯನ್ನೇ ಹೊಸದಾಗಿ ನೋಡಿದಳು.

ಪ್ರಶ್ನೆ: ನಾನು ಇತಿಹಾಸದ ವಿದ್ಯಾರ್ಥಿ. ಬಾದಾಮಿಯಲ್ಲಿ ಪಲ್ಲವರ ಶಾಸನವೂ ಇದೆಯಂತೆ, ನಿಜವೇ? ಚಾಲುಕ್ಯರ ರಾಜಧಾನಿಯಲ್ಲಿ ಅದು ಹೇಗೆ ಬಂತು? (ಧಾರವಾಡದ ಓದುಗ)

ಉತ್ತರ: ನಿಜ ತಮ್ಮಾ. ಇಡೀ ಕಥೆಯನ್ನು ಈ ಊರಿನ ಬಂಡೆಗಳ ಮೇಲೇ ಓದಬಹುದು. ಪುಸ್ತಕ ಪಕ್ಕಕ್ಕಿಟ್ಟು ಬಂಡೆಗಳ ಲೆಕ್ಕದಲ್ಲಿ ಹೇಳುತ್ತೇನೆ.

ಮೊದಲನೆಯ ಬಂಡೆ ಉತ್ತರದ ಗುಡ್ಡದ್ದು. ಒಂದನೆಯ ಪುಲಿಕೇಶಿ ಇಲ್ಲಿ ಕೋಟೆ ಕಟ್ಟಿದ ಬರಹ, ಶಕ 465, ಅಂದರೆ 543. ರಾಜಧಾನಿ ಶುರುವಾದದ್ದು ಅಲ್ಲಿಂದ. ಎರಡನೆಯದು ಮೂರನೆಯ ಗುಹೆಯಲ್ಲಿದೆ. ಮಂಗಳೇಶ ತನ್ನ ಅಣ್ಣ ಕೀರ್ತಿವರ್ಮನ ಕಾಲದಲ್ಲಿ ಆ ಗುಹೆ ಮಾಡಿಸಿದ್ದು, ಶಕ 500, ಅಂದರೆ 578. ಅದು ಸಂಸ್ಕೃತದಲ್ಲಿದೆ. ಅಲ್ಲೇ ಮಂಗಳೇಶನ ಇನ್ನೊಂದು ಬರಹ ಇದೆ, ಕನ್ನಡದಲ್ಲಿ. ಈ 'ಕಲ್ಮನೆ'ಗೆ ಲಂಜಿಗೇಸರ ಎಂಬ ಊರನ್ನು ಕೊಟ್ಟದ್ದಾಗಿ ಹೇಳುತ್ತದೆ. ಕಲ್ಮನೆ! ಗುಹಾಲಯ, ಶೈಲಗೃಹ ಏನೂ ಇಲ್ಲ. ಕಲ್ಲಿನ ಮನೆ. ಇದನ್ನು ಹಾಳು ಮಾಡಿದವನು ಏಳನೆಯ ನರಕದ ಹುಳು ಆಗುತ್ತಾನೆ ಅಂತ ಶಾಪವನ್ನೂ ಹಾಕಿದ್ದಾರೆ. ಗೋಡೆಯ ಮೇಲೆ ಹೆಸರು ಕೆರೆಯುವವರು ಇದನ್ನು ಓದಿಕೊಂಡರೆ ಚೆನ್ನಾಗಿತ್ತು.

ಇಮ್ಮಡಿ ಪುಲಿಕೇಶಿಯ ಕಾಲಕ್ಕೆ ರಾಜ್ಯ ನರ್ಮದೆಯವರೆಗೆ ಹೋಯಿತು. ಅವನು ಪಲ್ಲವರ ಮೇಲೂ ದಂಡೆತ್ತಿ ಹೋಗಿದ್ದ. ಪಲ್ಲವರು ಅದನ್ನು ಮರೆಯಲಿಲ್ಲ. 642ರಲ್ಲಿ ನರಸಿಂಹವರ್ಮ ಬಂದು ಬಾದಾಮಿಯನ್ನು ಗೆದ್ದ. ವಾತಾಪಿಕೊಂಡ ಎಂಬ ಬಿರುದು ಇಟ್ಟುಕೊಂಡ. ವಾತಾಪಿ ಅಂದರೆ ಬಾದಾಮಿಯ ಹಳೆಯ ಹೆಸರು. ನೀವು ಕೇಳಿದ ಶಾಸನ ಆಗಿನದು, ಊರೊಳಗಿನ ಒಂದು ಬಂಡೆಯ ಮೇಲಿದೆ. ತುಂಬಾ ಸವೆದಿದೆ. ಸುಮಾರು ಹದಿಮೂರು ವರ್ಷ ಊರು ಅವರ ಕೈಯಲ್ಲಿತ್ತು. ಆಮೇಲೆ ಪುಲಿಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ಬಿಡಿಸಿಕೊಂಡ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮುಂದೆ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿಯನ್ನು ಗೆದ್ದ. ನೂರು ವರ್ಷದ ಹಿಂದೆ ತಮ್ಮ ಊರಿಗೆ ಆದದ್ದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅವನು ಕಂಚಿಯ ಕೈಲಾಸನಾಥನ ಗುಡಿಯ ಸಂಪತ್ತನ್ನು ನೋಡಿ ಅದನ್ನೆಲ್ಲ ದೇವರಿಗೇ ಬಿಟ್ಟುಕೊಟ್ಟ. ಅದನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ನಿವೃತ್ತಿಯಾದ ವರ್ಷ ನಮ್ಮ ಮನೆಯವರ ಜೊತೆ ಕಂಚಿಗೆ ಹೋಗಿದ್ದೆ. ಆ ಕಂಬದ ಮುಂದೆ ನಿಂತಾಗ ನನಗೆ ಮಾತೇ ಹೊರಡಲಿಲ್ಲ. ನಮ್ಮೂರಲ್ಲಿ ಅವರ ಅಕ್ಷರ, ಅವರ ಊರಲ್ಲಿ ನಮ್ಮ ಅಕ್ಷರ. ಎರಡನ್ನೂ ನೋಡಿದ ಮೇಲೆ ನನಗೆ ಜಾಸ್ತಿ ಹೆಮ್ಮೆ ಅನ್ನಿಸಿದ್ದು ಗೆದ್ದದ್ದಕ್ಕಲ್ಲ, ಬಿಟ್ಟುಕೊಟ್ಟದ್ದಕ್ಕೆ.

ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದೇ ಪಟ್ಟದಕಲ್ಲಿನ ವಿರೂಪಾಕ್ಷ. ಕಟ್ಟಿದವನ ಹೆಸರೂ ಅಲ್ಲಿಯ ಕಲ್ಲಿನಲ್ಲಿದೆ, ಗುಂಡ ಅನಿವಾರಿತಾಚಾರಿ. ಕಂಚಿಯ ಕೈಲಾಸನಾಥನನ್ನು ನೋಡಿ ಬಂದು ಪಟ್ಟದಕಲ್ಲಿಗೆ ಹೋಗಿ. ಎರಡು ಗುಡಿಗಳ ಚಹರೆ ಎಷ್ಟು ಹತ್ತಿರ ಇದೆ ಅಂತ ನಿಮಗೇ ಕಾಣುತ್ತದೆ. ಪ್ರಬಂಧ ಬರೆಯುವುದಿದ್ದರೆ ಇದನ್ನೇ ಹಿಡಿಯಿರಿ.

ಪ್ರಶ್ನೆ: ಮ್ಯೂಸಿಯಂನಲ್ಲಿ ಲಜ್ಜಾಗೌರಿ ವಿಗ್ರಹ ಇದೆ ಎಂದು ಕೇಳಿದೆ. ಮಕ್ಕಳು, ಅತ್ತೆ ಮಾವ ಜೊತೆಗಿರುತ್ತಾರೆ. ಮುಜುಗರ ಆಗುವುದಿಲ್ಲವೇ? (ತುಮಕೂರಿನ ಗೃಹಿಣಿ)

ಉತ್ತರ: ಆಗಬಹುದು, ಒಂದು ಕ್ಷಣ. ಆಮೇಲೆ ಆಗುವುದಿಲ್ಲ. ಹೆರುವ ಭಂಗಿಯಲ್ಲಿರುವ ತಾಯಿ ಅವಳು. ತಲೆಯ ಜಾಗದಲ್ಲಿ ಅರಳಿದ ತಾವರೆ. ನಾಗನಾಥಕೊಳ್ಳದಲ್ಲಿದ್ದ ವಿಗ್ರಹವನ್ನು ತಂದು ಇಲ್ಲಿ ಇಟ್ಟಿದ್ದಾರೆ. ಮಕ್ಕಳಾಗಲಿ, ಹೊಲ ಬೆಳೆಯಲಿ ಅಂತ ಜನ ಪೂಜಿಸುತ್ತಿದ್ದ ದೇವಿ. ಕಲ್ಲು ಎಷ್ಟು ನಯವಾಗಿದೆ ಅಂದರೆ ಚರ್ಮದ ಹಾಗೆ ಕಾಣುತ್ತದೆ.

ಮಕ್ಕಳು ಕೇಳಿದರೆ ಇದ್ದದ್ದನ್ನೇ ಹೇಳಿ, 'ಅಮ್ಮ ಪಾಪು ಹೆರುತ್ತಿದ್ದಾಳೆ' ಅಂತ. ನಾನು ಶಾಲೆಯ ಹುಡುಗಿಯರಿಗೆ ಹಾಗೇ ಹೇಳುತ್ತಿದ್ದೆ. ಒಬ್ಬಳೂ ನಗಲಿಲ್ಲ. ನಿಮ್ಮ ಅತ್ತೆಯವರ ಬಗ್ಗೆ ಚಿಂತೆ ಬೇಡ. ನಮ್ಮ ಅತ್ತೆ ಅಲ್ಲಿ ನಿಂತು ಕೈ ಮುಗಿದರು.

ಪ್ರಶ್ನೆ: ನಾವು ಸಿಂಗಪುರದಲ್ಲಿದ್ದೇವೆ. ಮಗಳಿಗೆ 11 ವರ್ಷ, ಅಕ್ಷರ ಕೂಡಿಸಿ ಕನ್ನಡ ಓದುತ್ತಾಳೆ. ರಜೆಗೆ ಬಂದಾಗ ಬಾದಾಮಿ ತೋರಿಸಬೇಕು. ಅವಳಿಗೆ ಮನಸ್ಸಿಗೆ ಹಿಡಿಸುವಂಥದ್ದು ಏನಿದೆ? (ಕನ್ನಡಿಗ ತಂದೆ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆನೆ ಎತ್ತನ್ನು ತೋರಿಸಿ, ಅದನ್ನು ಮೇಲೆ ಹೇಳಿದ್ದೇನೆ. ಆದರೆ ನಿಮ್ಮ ಮಗಳಿಗೆ ಅಂತ ನಾನು ಒಂದೇ ಜಾಗ ಹೇಳಬೇಕೆಂದರೆ ಅದು ಕಪ್ಪೆ ಅರಭಟ್ಟನ ಕಲ್ಲು.

ಕೆರೆಯ ಈಶಾನ್ಯ ಮೂಲೆಗೆ, ತಟ್ಟುಕೋಟೆಯ ಕಡೆ, ಬಂಡೆಯ ಮೈಯಲ್ಲಿ ಹತ್ತು ಸಾಲಿನ ಬರಹ ಇದೆ. ಸುಮಾರು 700ನೆಯ ಇಸವಿಯದು. ರಾಜನದಲ್ಲ. ಊರು ಕೊಟ್ಟದ್ದಲ್ಲ, ಯುದ್ಧ ಗೆದ್ದದ್ದಲ್ಲ. ಕಪ್ಪೆ ಅರಭಟ್ಟ ಅನ್ನುವ ಒಬ್ಬ ಮನುಷ್ಯ ಎಂಥವನು ಅಂತ ಮಾತ್ರ ಹೇಳುತ್ತದೆ. ಹಳೆಯ ಅಕ್ಷರ ನಿಮ್ಮ ಮಗಳಿಗೆ ಓದಲು ಬರುವುದಿಲ್ಲ, ನನಗೂ ಒಂದೊಂದಾಗಿ ಕಲಿಯಬೇಕಾಯಿತು. ಅದಕ್ಕೆ ಒಂದು ಉಪಾಯ ಮಾಡಿ. ಈಗಿನ ಕನ್ನಡ ಲಿಪಿಯಲ್ಲಿ ದೊಡ್ಡದಾಗಿ ಬರೆದುಕೊಂಡು ಬನ್ನಿ, ಅಲ್ಲಿ ನಿಂತು ಅವಳಿಂದಲೇ ಓದಿಸಿ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಅರ್ಥ ಹೇಳುವುದೂ ಕಷ್ಟವಿಲ್ಲ. ಒಳ್ಳೆಯವರಿಗೆ ಒಳ್ಳೆಯವನು. ಸಿಹಿಯಾಗಿ ನಡೆದುಕೊಂಡವರಿಗೆ ಸಿಹಿ. ಕಾಟ ಕೊಡುವ ಕಲಿಗೆ ಮಾತ್ರ ಇವನು ಕಲಿಯುಗ ವಿಪರೀತ, ಕಲಿಗಾಲಕ್ಕೇ ಎದುರು ನಿಲ್ಲುವವನು. ಇವನು ಮಾಧವನೇ, ಬೇರೆಯವನಲ್ಲ. 'ಪೆರ' ಅಂದರೆ ಬೇರೆ. 'ಪೆರನಲ್ಲ' ಅನ್ನುವ ಮಾತಿನಲ್ಲಿ 'ಅಲ್ಲ' ಅನ್ನುವುದು ನಿಮ್ಮ ಮಗಳು ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಹೇಳುವ 'ಅಲ್ಲ'ವೇ. ಅದನ್ನು ಅವಳಿಗೆ ತೋರಿಸಿ. ಮುಂದಿನ ಸಾಲುಗಳಲ್ಲಿ ಸಿಂಹ ಬರುತ್ತದೆ. ಕಟ್ಟಿಹಾಕಿದ ಸಿಂಹವನ್ನು 'ನಮಗೇನಾಗುತ್ತದೆ' ಅಂತ ಬಿಚ್ಚಿ ಬಿಟ್ಟ ಹಾಗೆ, ಇವನನ್ನು ಕೆಣಕಿದವರು ಕೆಟ್ಟರು, ಸತ್ತರು. ಹನ್ನೊಂದು ವರ್ಷದವಳಿಗೆ ಸಿಂಹ ಇಷ್ಟವಾಗದೇ ಇರುತ್ತದೆಯೇ?

ಈಗ ನನ್ನದೊಂದು ಸಂಗತಿ. ನಾನು ಕೆಲಸಕ್ಕೆ ಸೇರಿದ ಹೊಸತು. ಈ ಮೂರು ಸಾಲನ್ನು ಪಾಠಕ್ಕೆಂದು ಮನೆಯಲ್ಲಿ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಅಜ್ಜಿ ಒಳಗೆ ಬೀಸುವ ಕಲ್ಲಿನ ಮುಂದೆ ಕೂತು ಕಡಲೆಬೇಳೆ ಒಡೆಯುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಲ್ಲಿನ ಸದ್ದು ನಿಂತಿತು. 'ಯಾರ ಪದ ಅದು?' ಅಂದಳು. 'ಪದ ಅಲ್ಲಜ್ಜಿ, ಕೆರೆ ದಂಡೆ ಕಲ್ಲಿನ ಮ್ಯಾಲಿನ ಬರಹ' ಅಂದೆ. 'ಬೀಸೂ ಪದ ಇದ್ದಂಗ ಐತಲ್ಲ, ಇನ್ನೊಮ್ಮೆ ಅನ್ನು' ಅಂದಳು. ಮತ್ತೆ ಹೇಳಿದೆ. ಅವಳು ಗೂಟ ಹಿಡಿದು ಕಲ್ಲು ತಿರುಗಿಸುತ್ತಾ ಅದೇ ಸಾಲನ್ನು ತನ್ನ ಧಾಟಿಗೆ ಹಾಕಿದಳು. ಎರಡನೆಯ ಸಾಲು ಎಳೆದಳು, ಮೂರನೆಯದಕ್ಕೆ ಕಲ್ಲಿನ ಸುತ್ತು ಬಂದು ಸರಿಯಾಗಿ ಕೂತಿತು. ಅರ್ಧ ಶಬ್ದ ಅವಳಿಗೆ ತಿಳಿದಿರಲಿಲ್ಲ. ಧಾಟಿ ಮಾತ್ರ ಗೊತ್ತಿತ್ತು.

ಇದರಲ್ಲಿ ಆಶ್ಚರ್ಯ ಇಲ್ಲ. ಆ ಶಾಸನದ ಛಂದಸ್ಸು ತ್ರಿಪದಿ, ಅಂದರೆ ಮೂರು ಸಾಲಿನ ಪದ್ಯ. ನಮ್ಮ ಹೆಣ್ಣುಮಕ್ಕಳ ಬೀಸುವ ಪದ, ಕುಟ್ಟುವ ಪದಗಳೂ ತ್ರಿಪದಿ. ಸರ್ವಜ್ಞ ಬರೆದದ್ದೂ ಅದರಲ್ಲೇ. ಈಗ ಸಿಕ್ಕಿರುವ ತ್ರಿಪದಿಗಳಲ್ಲಿ ತುಂಬಾ ಹಳೆಯದು ಈ ಬಂಡೆಯ ಮೇಲಿದೆ. ಇದನ್ನೆಲ್ಲ ನಾನು ಕಾಲೇಜಿನಲ್ಲಿ ಓದಿ ಪರೀಕ್ಷೆ ಬರೆದಿದ್ದೆ. ಆದರೆ ಅಜ್ಜಿ ಕಲ್ಲು ತಿರುಗಿಸುವವರೆಗೆ ಕಿವಿಗೆ ಬಿದ್ದಿರಲಿಲ್ಲ.

ನಿಮ್ಮ ತಾಯಿಗೋ ಅತ್ತೆಗೋ ಇಂಥ ಒಂದು ಪದ ಬರುತ್ತಿದ್ದರೆ ಮೊದಲು ಮನೆಯಲ್ಲಿ ಮಗಳಿಗೆ ಅದನ್ನು ಹೇಳಿಸಿ. ಆಮೇಲೆ ಬಂಡೆಯ ಹತ್ತಿರ ಬನ್ನಿ. ದಾರಿ ಕಲ್ಲು ಮುಳ್ಳಿನದು, ಒಳ್ಳೆಯ ಚಪ್ಪಲಿ ಇರಲಿ. ದಾರಿ ತಿಳಿಯದಿದ್ದರೆ 'ಅರಭಟ್ಟನ ಕಲ್ಲು ಎಲ್ಲೈತ್ರಿ' ಅಂತ ಊರವರನ್ನು ಕೇಳಿ. ಅಕ್ಷರ ಕಾಣುವುದಿಲ್ಲ ಅಂತ ಸುಣ್ಣ, ಸೀಮೆಸುಣ್ಣ ಬಳಿಯಬೇಡಿ. ಒಮ್ಮೆ ಯಾರೋ ಫೋಟೋ ಚೆನ್ನಾಗಿ ಬರಲಿ ಅಂತ ಬೇರೊಂದು ಶಾಸನಕ್ಕೆ ಸೀಮೆಸುಣ್ಣ ತಿಕ್ಕುವುದನ್ನು ಕಣ್ಣಾರೆ ನೋಡಿದೆ. ಕೂಗಿ ನಿಲ್ಲಿಸಿದೆ. ಮರಳುಗಲ್ಲು ಅದು, ತಿಕ್ಕಿದರೆ ಅಕ್ಷರದ ಅಂಚೇ ಉದುರುತ್ತದೆ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರ ತಾನಾಗಿ ಎದ್ದು ಕಾಣುತ್ತದೆ.

ಪ್ರಶ್ನೆ: ಐಹೊಳೆಯ ದುರ್ಗಾ ದೇವಾಲಯದಲ್ಲಿ ದುರ್ಗೆಯೇ ಇಲ್ಲವಲ್ಲ? ಗೈಡ್ ಇರಲಿಲ್ಲ, ಗೊಂದಲವಾಯಿತು. (ಮಂಡ್ಯದ ಓದುಗರು)

ಉತ್ತರ: ಅದು ದುರ್ಗೆಯ ಗುಡಿಯಲ್ಲ, ದುರ್ಗದ ಗುಡಿ. ಹತ್ತಿರದಲ್ಲಿ ಕೋಟೆ ಇದ್ದದ್ದಕ್ಕೆ ಆ ಹೆಸರು. ಬಾಯಿಂದ ಬಾಯಿಗೆ ಹೋಗಿ ದುರ್ಗಾ ಆಗಿದೆ. ಸುತ್ತಿನ ಮೊಗಸಾಲೆಯಲ್ಲಿ ಮಹಿಷಮರ್ದಿನಿ ಇದ್ದಾಳೆ, ಅದು ಇನ್ನಷ್ಟು ಗೊಂದಲ ಮಾಡುತ್ತದೆ. ಹಿಂಭಾಗಕ್ಕೆ ಹೋಗಿ ನೋಡಿದಿರಾ? ಗೋಡೆ ಗುಂಡಗೆ ಬಾಗಿದೆ. ಆನೆಯ ಹಿಂಬದಿಯ ಹಾಗೆ. ಲಾಡಖಾನ ಗುಡಿಯ ಹೆಸರೂ ಹಾಗೇ, ಅಲ್ಲಿ ಮನೆ ಮಾಡಿಕೊಂಡಿದ್ದವನ ಹೆಸರು ಗುಡಿಗೆ ಅಂಟಿದೆ.

ಐಹೊಳೆಗೆ ಹೋದವರು ಮೇಗುತಿಯ ಗುಡ್ಡ ಹತ್ತದೆ ಬರಬೇಡಿ. 634ರಲ್ಲಿ ರವಿಕೀರ್ತಿ ಕಟ್ಟಿಸಿದ ಬಸದಿ ಅದು. ಇಮ್ಮಡಿ ಪುಲಿಕೇಶಿ ಹರ್ಷನನ್ನು ಸೋಲಿಸಿದ ಕಥೆ ಅಲ್ಲಿಯ ಗೋಡೆಯಲ್ಲಿದೆ. ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಜೊತೆ ಹೋಲಿಸಿಕೊಂಡದ್ದೂ ಅಲ್ಲೇ ಇದೆ.

ಪ್ರಶ್ನೆ: ಬನಶಂಕರಿ ಜಾತ್ರೆಗೆ ಬರಬೇಕೋ, ಜಾತ್ರೆ ಬಿಟ್ಟು ಬರಬೇಕೋ? ಅಲ್ಲಿ ಊಟಕ್ಕೆ ಏನು ಸಿಗುತ್ತದೆ? (ಮೈಸೂರಿನ ಓದುಗರು)

ಉತ್ತರ: ಗುಡಿ ನೋಡುವುದಿದ್ದರೆ ಜಾತ್ರೆ ಬಿಟ್ಟು ಬನ್ನಿ. ಜಾತ್ರೆ ನೋಡುವುದಿದ್ದರೆ ಜಾತ್ರೆಗೇ ಬನ್ನಿ. ಎರಡೂ ಒಂದೇ ದಿನ ಆಗುವುದಿಲ್ಲ. ಪುಷ್ಯ ಮಾಸದ ಹುಣ್ಣಿಮೆಯನ್ನು ನಾವು ಬನದ ಹುಣ್ಣಿಮೆ ಅನ್ನುತ್ತೇವೆ. ಅವತ್ತು ತೇರು. ಅದಕ್ಕೆ ಮೊದಲು ಪಲ್ಲೇದ ಹಬ್ಬ, ದೇವಿಗೆ 108 ಬಗೆಯ ತರಕಾರಿಯ ಅಡುಗೆ. ಬನಶಂಕರಿ ಶಾಕಂಬರಿ ಅಲ್ವಾ, ಅವಳಿಗೆ ಕಾಯಿಪಲ್ಲೆಯೇ ಪ್ರೀತಿ. ನಾಟಕ ಕಂಪನಿಗಳು ಬಂದು ಡೇರೆ ಹಾಕುತ್ತವೆ. ರಾತ್ರಿ ಶುರುವಾದ ನಾಟಕ ಬೆಳಗಾದರೂ ನಡೆಯುತ್ತದೆ. ನಮ್ಮಪ್ಪ ಕಂಬಳಿ ಹೊದಿಸಿ ಕೂರಿಸುತ್ತಿದ್ದರು. ಅರ್ಧ ನಾಟಕ ಕಣ್ಣು ಬಿಟ್ಟು, ಅರ್ಧ ನಿದ್ದೆಯಲ್ಲಿ ನೋಡಿದ್ದೇನೆ.

ಊಟದ ವಿಷಯಕ್ಕೆ ಬನಶಂಕರಿಗೇ ಬನ್ನಿ. ಬಾದಾಮಿಯಿಂದ 5 ಕಿಲೋಮೀಟರ್. ಹೊಂಡದ ಹತ್ತಿರ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಬುಟ್ಟಿಯಲ್ಲಿ ಬಟ್ಟೆ ಸುತ್ತಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಸಣ್ಣ ಗಡಿಗೆಯಲ್ಲಿ ಗಟ್ಟಿ ಮೊಸರು. 'ಬರ್ರಿ ಯಕ್ಕಾ, ಊಟಾ ಮಾಡ್ರಿ' ಅಂತ ಕರೆಯುತ್ತಾರೆ. ಸಂಕೋಚ ಬೇಡ, ನೆಲದ ಮೇಲೆ ಕೂತುಬಿಡಿ. ಮನೆಯಲ್ಲಿ ಬೆಳಿಗ್ಗೆ ಬೇಗ ಎದ್ದು ಬಡಿದ ರೊಟ್ಟಿ ಅದು. ಚೌಕಾಸಿ ಮಾಡಬೇಡಿ.

ಪ್ರಶ್ನೆ: ಮಂಗಗಳ ಕಾಟ ತುಂಬಾ ಇದೆಯಂತೆ? (ಶಿವಮೊಗ್ಗದ ಓದುಗರು)

ಉತ್ತರ: ಇದೆ. ಕೈಯಲ್ಲಿ ತಿಂಡಿ, ಪ್ಲಾಸ್ಟಿಕ್ ಚೀಲ ಹಿಡಿಯಬೇಡಿ. ಕನ್ನಡಕ ಜೋಪಾನ.

ಪ್ರಶ್ನೆ: ಮಳೆಗಾಲದಲ್ಲಿ ಬಂದರೆ ಏನೂ ನೋಡಲಾಗುವುದಿಲ್ಲವೇ? (ಉಡುಪಿಯ ಓದುಗರು)

ಉತ್ತರ: ನಿಮ್ಮ ಕಡೆಯ ಮಳೆಯನ್ನು ಮನಸ್ಸಿನಲ್ಲಿಟ್ಟು ಕೇಳುತ್ತಿದ್ದೀರಿ. ನಮ್ಮದು ಬಯಲುಸೀಮೆ, ಮಳೆ ಬಂದರೆ ಹಬ್ಬ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬರಬೇಡಿ. ಬಂಡೆ ಕಾದ ಹೆಂಚಾಗಿರುತ್ತದೆ. ಒಂದು ಮೇ ತಿಂಗಳ ಮಧ್ಯಾಹ್ನ ನೆಂಟರ ಒತ್ತಾಯಕ್ಕೆ ಅವರನ್ನು ಗುಹೆಗೆ ಕರೆದುಕೊಂಡು ಹೋಗಿದ್ದೆ. ಎರಡನೆಯ ಗುಹೆಗೆ ಹೋಗುವಷ್ಟರಲ್ಲಿ ತಲೆ ಸುತ್ತಿ ಕೂತುಬಿಟ್ಟೆ. ಯಾರೋ ಪುಣ್ಯಾತ್ಮರು ನೀರು ಕೊಟ್ಟರು.

ಜೋರು ಮಳೆ ಬಂದು ನಿಂತ ಮೇಲೆ ನಮ್ಮೂರಲ್ಲಿ ಒಂದು ನೋಟ ಇದೆ. ಕೆಂಪು ಬಂಡೆಯ ತಲೆಯಿಂದ ಎರಡು ಧಾರೆ ಜೊತೆಜೊತೆಯಾಗಿ ಕೆಳಗೆ ಬೀಳುತ್ತವೆ. ಅಕ್ಕ ತಂಗಿ ಅಂತ ಅವಕ್ಕೆ ಹೆಸರು. ಊರಿಗೆ ಊರೇ ಕೊಡೆ ಹಿಡಿದು ನೋಡಲು ಹೋಗುತ್ತದೆ. ಮಳೆ ನಿಂತರೆ ಹೆಚ್ಚು ದಿನ ಇರುವುದಿಲ್ಲ, ಧಾರೆ ಸಣ್ಣಗಾಗುತ್ತಾ ಬಂಡೆಯ ಮೇಲೆ ಬರೀ ಕಪ್ಪು ಗೆರೆ ಉಳಿಯುತ್ತದೆ. ಹಾಗಾಗಿ ಮೊದಲೇ ತಾರೀಖು ಹೇಳಿ ಇಡಲು ಬರುವುದಿಲ್ಲ. ಪತ್ರಿಕೆಯಲ್ಲಿ ಬಾಗಲಕೋಟೆ ಕಡೆ ಮಳೆ ಅಂತ ಓದಿದ ದಿನವೇ ಚೀಲ ಕಟ್ಟಿ. ಮೆಟ್ಟಿಲು ಜಾರುತ್ತದೆ, ಹಿಡಿತ ಇರುವ ಚಪ್ಪಲಿ ಹಾಕಿಕೊಂಡು ಬನ್ನಿ.